‘ಏನೂ ಆಗಲ್ಲ, ಕೂತ್ಕೋ’

ನಾನು ಸಲಹೆಗಾರ್ತಿ. ಮೊದಲ ದಿನ ಅವರು ನನ್ನ ಹತ್ತಿರ ಎರಡು ಕಂತಿನಲ್ಲಿ ಬಂದರು. ಅಜ್ಜಿ, ಮೊಮ್ಮಗಳು ಬಸ್ಸಿನಲ್ಲಿ. ಅಪ್ಪ ಬೈಕಿನಲ್ಲಿ. ಒಂದೇ ಮನೆಯಿಂದ ಒಂದೇ ಜಾಗಕ್ಕೆ ಬರೋದು. ಬೈಕಿನ ಸದ್ದು ಬಾಗಿಲ ಹತ್ತಿರ ನಿಂತಾಗ ಹುಡುಗಿ ಅಜ್ಜಿಯ ಸೆರಗು ಹಿಡಿದುಕೊಂಡಳು. ಅಪ್ಪ ಒಳಗೆ ಬಂದ ಮೇಲೂ ಬಿಡಲಿಲ್ಲ. ಅವರ ಮುಖ ನೋಡಲಿಲ್ಲ, ಅವರ ಕೈಯಲ್ಲಿದ್ದ ಹೆಲ್ಮೆಟ್ಟನ್ನೇ ನೋಡುತ್ತಿದ್ದಳು.

ಅವಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಇಲ್ಲಿ ಪುಟ್ಟಿ ಎನ್ನುತ್ತೇನೆ. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಒಂದು ಹಳ್ಳಿ, ಅಷ್ಟು ಸಾಕು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅಪ್ಪ ಅಮ್ಮನಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ಪುಟ್ಟಿಗೂ ಓದಿ ಹೇಳಿದೆ. ಅವಳು ಒಂದು ಕಡೆ ತಿದ್ದುಪಡಿ ಹೇಳಿದಳು, ಅದು ಮುಂದೆ ಬರುತ್ತದೆ.

ಅಪ್ಪ, ಮಗಳು ಬೈಕಿನಿಂದ ಬಿದ್ದದ್ದು ಜನವರಿ ಮೊದಲ ವಾರ. ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಸಂಕ್ರಾಂತಿ ಹತ್ತಿರ ಬಂದಂತೆ ಹಳ್ಳಿಯ ಟಾರು ರಸ್ತೆಗಳೆಲ್ಲ ಕಣ ಆಗಿಬಿಡುತ್ತವೆ. ರಾಗಿ, ಹುರುಳಿ ತಂದು ರಸ್ತೆಗೆ ಹರಡುತ್ತಾರೆ. ಬಸ್ಸು, ಟ್ರ್ಯಾಕ್ಟರ್ ಓಡಾಡಿ ಒಕ್ಕಣೆ ಮಾಡಿಕೊಡುತ್ತವೆ. ಎತ್ತು ಕಟ್ಟಿ ಗುಂಡು ಹೊಡೆಯುವವರು ಈಗ ಎಲ್ಲಿದ್ದಾರೆ? ಕೂಲಿಗೆ ಜನ ಸಿಗಲ್ಲ. ರೈತರ ಕಷ್ಟ ನನಗೂ ಗೊತ್ತು, ನನ್ನ ತವರಿನಲ್ಲೂ ಇದೇ ಕತೆ. ಆದರೆ ಎರಡು ಚಕ್ರದ ಗಾಡಿಗೆ ಅದು ಎಣ್ಣೆ ಸವರಿದ ನೆಲ. ಮೇಲೆ ಒಣಗಿದ ಸೊಪ್ಪು, ಕೆಳಗೆ ಉರುಳುವ ಕಾಳು. ಅಲ್ಲಿ ಬ್ರೇಕ್ ಹಿಡಿದರೆ ಮುಗಿಯಿತು.

ಪುಟ್ಟಿಯ ಅಪ್ಪ ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವರು. ಮಗಳನ್ನು ಸ್ಕೂಲಿಗೆ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಆ ದಿನ ತಡವಾಗಿತ್ತು. ಹುರುಳಿ ಹಾಸಿದ್ದ ಕಡೆ ಎದುರಿಂದ ಟೆಂಪೋ ಬಂತು. ಇವರು ಬ್ರೇಕ್ ಹಿಡಿದರು. ಗಾಡಿ ಬಲಕ್ಕೆ ಜಾರಿತು. ವೇಗ ಇರಲಿಲ್ಲ, ದೊಡ್ಡ ಏಟೂ ಆಗಲಿಲ್ಲ. ಅಪ್ಪನಿಗೆ ಮಂಡಿ ತರಚಿತು. ಪುಟ್ಟಿಗೆ ಮೊಣಕೈ ಕಿತ್ತಿತು, ಬಲಗಾಲಿನ ಮೀನಖಂಡಕ್ಕೆ ಸೈಲೆನ್ಸರ್ ತಗುಲಿ ಸುಟ್ಟಿತು. ಅಪ್ಪನ ತಲೆಯ ಮೇಲೆ ಹೆಲ್ಮೆಟ್ ಇತ್ತು. ಮಗಳ ತಲೆಯ ಮೇಲೆ ಇರಲಿಲ್ಲ. ಆಸ್ಪತ್ರೆಯಲ್ಲಿ ತಲೆ ಪರೀಕ್ಷೆ ಮಾಡಿ, ಸುಟ್ಟ ಜಾಗಕ್ಕೆ ಪಟ್ಟಿ ಹಾಕಿ ಕಳಿಸಿದರು. ಮಕ್ಕಳು ಗಾಡಿಯಿಂದ ಬಿದ್ದ ಮೇಲೆ ವಾಂತಿ ಮಾಡಿದರೆ, ತಲೆನೋವು ಜಾಸ್ತಿಯಾದರೆ, ಸುಮ್ಮಸುಮ್ಮನೆ ತೂಕಡಿಸಿದರೆ ನನ್ನಂಥವರ ಹತ್ತಿರ ಬರಬೇಡಿ. ಮೊದಲು ಡಾಕ್ಟರ ಹತ್ತಿರ ಓಡಿ.

ಅವರು ನನ್ನಲ್ಲಿಗೆ ಬಂದಾಗ ಫೆಬ್ರವರಿ ಅರ್ಧ ಕಳೆದಿತ್ತು. ಗಾಯ ಒಣಗಿತ್ತು. ಆದರೆ ಪುಟ್ಟಿ ಗಾಡಿ ಹತ್ತುತ್ತಿರಲಿಲ್ಲ. ಆ ಊರಿಂದ ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸು. ಅದು ತಪ್ಪಿದರೆ ಹತ್ತೂವರೆಗೆ ಇನ್ನೊಂದು. ಹಾಗಾಗಿ ಮಗು ಏಳೂವರೆ ಬಸ್ಸಿಗೆ ಹೋಗಿ, ಬಾಗಿಲು ತೆಗೆಯುವ ತನಕ ಸ್ಕೂಲಿನ ಜಗುಲಿಯ ಮೇಲೆ ಒಬ್ಬಳೇ ಕೂತಿರುತ್ತಿತ್ತು. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಏಳಕ್ಕೇ ವ್ಯಾನ್ ಹತ್ತಬೇಕು. ‘ಕೆಲಸದಾಗೆ ಕೈ ಓಡಲ್ಲ ಮೇಡಂ, ಆ ಜಗುಲಿನೇ ಕಣ್ಮುಂದೆ ಬರ್ತದೆ’ ಎಂದು ಫೋನಿನಲ್ಲಿ ಅತ್ತರು.

ಮನೆಯವರು ಕೈಕಟ್ಟಿ ಕೂತಿರಲಿಲ್ಲ. ಅಜ್ಜಿ ದೃಷ್ಟಿ ತೆಗೆದಿದ್ದರು, ತಾಯತ ಕಟ್ಟಿಸಿದ್ದರು. ಅದಕ್ಕೆ ನನ್ನದೇನೂ ತಕರಾರಿಲ್ಲ. ಅಜ್ಜಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕುವಾಗ ಮಗುವಿಗೆ ‘ನನ್ನನ್ನು ಯಾರೋ ನೋಡಿಕೊಳ್ಳುತ್ತಿದ್ದಾರೆ’ ಎಂದು ಗೊತ್ತಾಗುತ್ತದೆ. ಅದು ಸಣ್ಣ ಔಷಧಿ ಅಲ್ಲ. ಅಪ್ಪ ಚಾಕಲೇಟಿನ ಆಸೆ ತೋರಿಸಿದ್ದರು. ಬೈದಿದ್ದರು. ‘ನಿನ್ನ ತಂಗಿ ನೋಡು, ಮೂರೂವರೆ ವರ್ಷ, ಮುಂದೆ ಟ್ಯಾಂಕ್ ಮೇಲೆ ಕೂರ್ತಾಳೆ’ ಎಂದಿದ್ದರು. ಒಂದು ದಿನ ಎತ್ತಿ ಕೂರಿಸಿ ಹೊರಟೇಬಿಟ್ಟಿದ್ದರು. ಅವಳು ಕಿರುಚಿ ಅವರ ಭುಜ ಕಚ್ಚಿದ್ದಳು. ಅಲ್ಲಿಗೆ ಎಲ್ಲರೂ ಸೋತು, ‘ಬಿಡಿ, ತಾನಾಗೇ ಸರಿ ಹೋಗ್ತಾಳೆ’ ಎಂದು ಕೈಬಿಟ್ಟಿದ್ದರು.

ಎತ್ತಿ ಕೂರಿಸುವುದೂ ಕೆಲಸ ಮಾಡಲ್ಲ, ಪೂರ್ತಿ ಬಿಟ್ಟುಬಿಡುವುದೂ ಮಾಡಲ್ಲ. ಎರಡನೆಯದು ಯಾಕೆ ಅಂತ ಜನ ಕೇಳುತ್ತಾರೆ. ಗಾಡಿ ನೋಡಿದ ತಕ್ಷಣ ಮಗುವಿನ ಎದೆ ಹೊಡೆದುಕೊಳ್ಳುತ್ತದೆ. ‘ಬೇಡ’ ಅನ್ನುತ್ತದೆ, ದೊಡ್ಡವರು ಬಿಡುತ್ತಾರೆ, ಎದೆ ತಣ್ಣಗಾಗುತ್ತದೆ. ಆ ನೆಮ್ಮದಿ ಬಹಳ ರುಚಿ. ‘ಹತ್ತದೇ ಇದ್ದಿದ್ದಕ್ಕೆ ಉಳಕೊಂಡೆ’ ಎಂದು ಮೈ ಲೆಕ್ಕ ಹಾಕಿಕೊಳ್ಳುತ್ತದೆ. ನಾಳೆ ಇನ್ನೂ ದೂರದಿಂದಲೇ ‘ಬೇಡ’ ಅನ್ನುತ್ತದೆ. ಪುಟ್ಟಿಗೂ ಹಾಗೇ ಆಗಿತ್ತು. ಮೊದಲು ಬೈಕ್ ಬೇಡ ಎಂದಳು. ಆಮೇಲೆ ಆ ರಸ್ತೆ ಬೇಡ ಎಂದಳು. ನಂತರ ಒಣ ಎಲೆಯ ಸದ್ದಿಗೂ ಬೆಚ್ಚಿಬೀಳತೊಡಗಿದಳು. ತೆಂಗಿನ ತೋಟದಲ್ಲಿ ಬೆಳೆಯುವ ಮಗು ಒಣ ಗರಿ ಬಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿತ್ತು.

ಬಿದ್ದು ಒಂದು ತಿಂಗಳು ದಾಟಿದ್ದರಿಂದ ನಾನು ಇನ್ನಷ್ಟು ಕೇಳಿದೆ. ನಿದ್ದೆ ಹೇಗೆ? ಕೆಟ್ಟ ಕನಸು? ಹಾಸಿಗೆ ಒದ್ದೆ? ಊಟ, ಆಟ, ಪಾಠ? ಮೊದಲ ಎರಡು ವಾರ ರಾತ್ರಿ ಎದ್ದು ಕೂರುತ್ತಿದ್ದಳಂತೆ. ಈಗ ಇಲ್ಲ. ಕುಂಟೆಬಿಲ್ಲೆ ಆಡುತ್ತಾಳೆ, ಸ್ಕೂಲಿಗೆ ಹೋಗಲು ಅಳಲ್ಲ. ಹಾಗಾಗಿ ನಾನೇ ಮುಂದುವರಿಸಬಹುದು ಅನ್ನಿಸಿತು. ತಿಂಗಳು ಕಳೆದರೂ ಕನಸು ನಿಲ್ಲದಿದ್ದರೆ, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾದರೆ, ಆಟವೇ ಬೇಡ ಎಂದರೆ ನಾನು ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು. ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಎರಡನೇ ಭೇಟಿಯಲ್ಲಿ ನಾವಿಬ್ಬರೇ ನೆಲದ ಮೇಲೆ ಕೂತೆವು. ಸೀಮೆಸುಣ್ಣದಲ್ಲಿ ರಸ್ತೆ ಬರೆದೆವು. ಒಂದು ಆಟದ ಬೈಕು ಇತ್ತು. ಹುರುಳಿ ಸೊಪ್ಪಿನ ಬದಲು ಅವಳು ಕಸಪೊರಕೆಯ ಕಡ್ಡಿ ಮುರಿದು ಹರಡಿದಳು. ಗಾಡಿ ಬೀಳಿಸು ಎಂದು ನಾನು ಹೇಳಲಿಲ್ಲ. ‘ಬೀಳೋಕೆ ಮುಂಚೆ ಏನೇನಾಯ್ತು, ಅಲ್ಲಿ ತನಕ ಸಾಕು’ ಎಂದೆ.

ಬೈಕನ್ನು ಕಡ್ಡಿಗಳ ಹತ್ತಿರ ತಂದು ನಿಲ್ಲಿಸಿದಳು. ತುಂಬಾ ಹೊತ್ತು ನಿಲ್ಲಿಸಿದಳು. ಆಮೇಲೆ ಹೇಳಿದಳು: ‘ನಾನು ಹೇಳ್ದೆ. ಸೊಪ್ಪೈತೆ ಅಪ್ಪ, ಇಳೀತೀನಿ ಅಂತ. ಅಪ್ಪ ಏನೂ ಆಗಲ್ಲ ಕೂತ್ಕೋ ಅಂತು.’

ಈ ಮಾತು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಬ್ಬರಿಗೆ ಬಿಟ್ಟು.

ನಾನು ಅಲ್ಲಿಯವರೆಗೆ ಇದನ್ನು ಗಾಡಿಯ ಹೆದರಿಕೆ ಎಂದುಕೊಂಡಿದ್ದೆ. ಗಾಡಿಯ ಹೆದರಿಕೆಯೂ ಇತ್ತು. ಆದರೆ ಅದರ ಅಡಿಯಲ್ಲಿ ಇದ್ದದ್ದು ಬೇರೆ. ನಾನು ಹೇಳಿದರೂ ಗಾಡಿ ನಿಲ್ಲಲ್ಲ, ಇದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಬಿದ್ದ ಮೇಲೆ ಆರು ವಾರ ಎಲ್ಲರೂ ಅವಳಿಗೆ ಏನೆಂದು ಸಮಾಧಾನ ಹೇಳುತ್ತಿದ್ದರು ಹೇಳಿ? ‘ಏನೂ ಆಗಲ್ಲ, ಕೂತ್ಕೋ.’ ಅದೇ ಮಾತು, ಅದೇ ಮೂರು ಪದ.

ಅಪ್ಪನನ್ನು ಒಬ್ಬರನ್ನೇ ಕರೆದು ಕೇಳಿದೆ. ಅವರು ಹೆಲ್ಮೆಟ್ಟಿನ ಪಟ್ಟಿಯನ್ನು ತಿರುವುತ್ತಾ ಕೂತರು. ‘ಹೂಂ ಮೇಡಂ, ಹೇಳಿತ್ತು. ಅದೇ ದಿನಾ ರಾತ್ರಿ ಕಿವೀಲಿ ಕೇಳಿಸ್ತದೆ’ ಎಂದರು. ಹೆಂಡತಿಗೂ ಹೇಳಿರಲಿಲ್ಲ. ಮಗಳು ಹತ್ತಲ್ಲ ಎಂದಾಗ ಅವರಿಗೆ ಅಷ್ಟೊಂದು ಸಿಟ್ಟು ಬರುತ್ತಿದ್ದದ್ದು ಯಾಕೆ ಎಂದು ನನಗೆ ಆಗ ಅರ್ಥವಾಯಿತು. ಅವಳು ಹತ್ತಿಬಿಟ್ಟಿದ್ದರೆ ಅವರ ಕಿವಿಯ ಸದ್ದೂ ನಿಲ್ಲುತ್ತಿತ್ತು.

ನಾನು ಕೊಟ್ಟ ಮೊದಲ ಸಲಹೆ ಗಾಡಿಗೆ ಸಂಬಂಧಪಟ್ಟದ್ದೇ ಅಲ್ಲ. ‘ಅವಳಿಗೆ ಹೇಳಿ. ನೀನು ಹೇಳಿದ್ದು ಸರಿ ಇತ್ತು, ನಾನು ಕೇಳಬೇಕಿತ್ತು, ಕೇಳಲಿಲ್ಲ. ಇಷ್ಟೇ. ಆ ಟೆಂಪೋ ಬಂತು, ಹುರುಳಿ ಹಾಕಿದ್ದರು, ತಡ ಆಗಿತ್ತು ಅಂತ ಬಾಲ ಸೇರಿಸಬೇಡಿ.’

‘ಮಗೂಗೆ ಸಾರಿ ಕೇಳೋದಾ ಮೇಡಂ?’

‘ಹೌದು.’

ಹೊರಗೆ ಕೂತಿದ್ದ ಅಜ್ಜಿಗೆ ಕೇಳಿಸಿರಬೇಕು. ‘ತಲೆ ಮೇಲೆ ಹತ್ತಿ ಕೂರ್ತದೆ ಅಷ್ಟೆ’ ಎಂದರು. ತಲೆ ಮೇಲೆ ಬೇಡ, ಸೀಟಿನ ಮೇಲೆ ಹತ್ತಿ ಕೂತರೆ ಸಾಕಲ್ವಾ ಅಜ್ಜಿ ಎಂದೆ. ಅವರು ನಕ್ಕರು, ಆದರೆ ಒಪ್ಪಿದ ಹಾಗೆ ಕಾಣಲಿಲ್ಲ.

ಅಪ್ಪನಿಗೆ ಒಂದು ವಾರ ಹಿಡಿಯಿತು. ಮುಂದಿನ ಭೇಟಿಯಲ್ಲಿ ಪುಟ್ಟಿ ನನಗೆ ವರದಿ ಕೊಟ್ಟಳು: ‘ಅಪ್ಪ ಸಾರಿ ಅಂತು. ಆಮೇಲೆ ಹಾಲು ಕರೀತು.’ ಕೊಟ್ಟಿಗೆಯಲ್ಲಿ, ಹಸುವಿನ ಪಕ್ಕ ಕೂತು, ಮುಖ ಕೊಡದೆ ಹೇಳಿದ್ದರು. ನಮ್ಮ ಗಂಡಸರು ಎಲ್ಲಿ ಹೇಳಲು ಆಗುತ್ತದೋ ಅಲ್ಲಿ ಹೇಳಲಿ. ಹೇಳಿದ್ದು ಮುಖ್ಯ.

ಆಮೇಲೆ ಗಾಡಿಯ ಕಡೆ ಬಂದೆವು. ಹೆದರಿಕೆ ತೆಗೆಯುವ ಮುಂಚೆ ಒಂದು ವಿಷಯ ನೋಡಬೇಕು. ಹೆದರಲು ನಿಜವಾದ ಕಾರಣ ಉಳಿದಿದೆಯಾ? ಹಿಂದಿನ ಟೈರ್ ನೋಡಿದೆ, ಬೋಳು. ಬದಲಿಸದೆ ಮುಂದಿನ ಮಾತಿಲ್ಲ ಎಂದೆ. ಮಗಳನ್ನು ಸೀಟಿನ ಮೇಲೆ ಕೂರಿಸಿದಾಗ ಪಾದ ಫುಟ್‌ರೆಸ್ಟಿಗೆ ಸಿಗಬೇಕು. ಸಿಗದಿದ್ದರೆ ಗಾಡಿ ವಾಲಿದಾಗ ಮಗು ತನ್ನನ್ನು ತಾನು ಹಿಡಿದುಕೊಳ್ಳಲಾರದು. ಅಂಥ ಮಗು ಹೆದರಿದರೆ ಅದಕ್ಕೆ ಬುದ್ಧಿ ಇದೆ ಎಂದರ್ಥ. ಪುಟ್ಟಿಯ ಕಾಲು ಸಿಗುತ್ತಿತ್ತು. ಆದರೆ ಸ್ಕೂಲ್ ಬ್ಯಾಗು ಬೆನ್ನಿಗಿತ್ತು. ಪುಸ್ತಕ ತುಂಬಿದ ಬ್ಯಾಗು ಗಾಡಿ ಮುಂದೆ ಹೊರಟಾಗೆಲ್ಲ ಮಗುವನ್ನು ಹಿಂದಕ್ಕೆ ಜಗ್ಗುತ್ತದೆ. ಅದನ್ನು ಅಪ್ಪ ಮುಂದೆ ಇಟ್ಟುಕೊಂಡರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಇಷ್ಟು ಸಣ್ಣ ವಿಷಯ ಯಾರಿಗೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೊಳೆದಿರಲಿಲ್ಲ, ‘ಹಿಂದಕ್ಕೆ ಬೀಳ್ತೀನಿ ಅನ್ಸುತ್ತೆ’ ಎಂದು ಅವಳೇ ಹೇಳಿದ್ದು.

ಹೆಲ್ಮೆಟ್ ವಿಷಯದಲ್ಲಿ ನಾನು ಸಲಹೆಗಾರ್ತಿ ಅಲ್ಲ, ಜಗಳಗಂಟಿ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ನಿನಲ್ಲಿ ನಾಲ್ಕು ವರ್ಷ ದಾಟಿದ ಎಲ್ಲರಿಗೂ ಹೆಲ್ಮೆಟ್ ಕಡ್ಡಾಯ, ಹಿಂದೆ ಕೂತವರಿಗೂ. ಅದಕ್ಕಿಂತ ಚಿಕ್ಕವರಿಗೆ 2023ರ ಫೆಬ್ರವರಿಯಿಂದ ಬೇರೆ ನಿಯಮ ಇದೆ. ಓಡಿಸುವವರಿಗೆ ಮಗುವನ್ನು ಸೇರಿಸಿ ಕಟ್ಟುವ ಬೆಲ್ಟ್ ಬೇಕು, ಮಗುವಿನ ತಲೆಗೆ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ದಾಟಬಾರದು. ಹಿಂದೆ ಒಬ್ಬರಿಗಿಂತ ಹೆಚ್ಚು ಜನ ಕೂರುವ ಹಾಗಿಲ್ಲ. ತಂಗಿ ಟ್ಯಾಂಕಿನ ಮೇಲೆ ಕೂರುವುದನ್ನು ಧೈರ್ಯ ಎಂದು ಹೊಗಳುತ್ತಿದ್ದರಲ್ಲ, ಅದು ಧೈರ್ಯ ಅಲ್ಲ, ಇನ್ನೂ ಬಿದ್ದಿಲ್ಲ ಅಷ್ಟೆ ಎಂದೆ. ಸ್ವಲ್ಪ ಖಾರವಾಗಿಯೇ ಹೇಳಿದೆ ಅನ್ನಿಸುತ್ತದೆ. ಅಪ್ಪ ಆಮೇಲೆ ಒಂದು ಭೇಟಿಗೆ ಬರಲಿಲ್ಲ, ಅಜ್ಜಿಯೊಬ್ಬರನ್ನೇ ಜೊತೆಗೆ ಕಳಿಸಿದರು.

ಹೆಲ್ಮೆಟ್ ತರಲು ಪುಟ್ಟಿಯೇ ಅಂಗಡಿಗೆ ಹೋದಳು. ದೊಡ್ಡವರ ಹೆಲ್ಮೆಟ್ಟಿಗೆ ಬಟ್ಟೆ ತುರುಕಿ ಹಾಕುವುದು ಬೇಡ, ಮಕ್ಕಳ ಅಳತೆಯದೇ ಬೇಕು, ಐಎಸ್ಐ ಗುರುತು ಇರಬೇಕು ಎಂದಿದ್ದೆ. ಪಟ್ಟಿ ಕಟ್ಟಿ ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ತಲೆಯ ಜೊತೆಗೇ ತಿರುಗಬೇಕು. ಅವಳು ನೇರಳೆ ಬಣ್ಣದ್ದು ಆರಿಸಿದಳು. ಅದನ್ನು ಮೂರು ದಿನ ಮನೆಯೊಳಗೆ ಹಾಕಿಕೊಂಡೇ ಓಡಾಡಿದಳಂತೆ, ಊಟಕ್ಕೆ ಕೂತಾಗಲೂ.

ಹೆದರಿಕೆಗೆ ನಮಗೊಂದು ಅಳತೆ ಬೇಕಿತ್ತು. ಅವಳ ಮನೆಯ ಮುಂದೆ ಒಂದು ಎತ್ತರದ ತೆಂಗಿನ ಮರ ಇದೆ. ಹೆದರಿಕೆ ಬುಡದಲ್ಲಿದ್ದರೆ ಸೊನ್ನೆ, ಗರಿ ಹಿಡಿದಿದ್ದರೆ ಹತ್ತು. ‘ಈಗ ಎಲ್ಲಿದೆ?’ ಎಂದರೆ ಥಟ್ಟನೆ ಹೇಳುತ್ತಿದ್ದಳು. ನಿಂತ ಗಾಡಿ ಮುಟ್ಟುವುದು ಎರಡು. ಸೆಂಟರ್ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೂರುವುದು ನಾಲ್ಕು. ಎಂಜಿನ್ ಚಾಲೂ ಇದ್ದಾಗ ಕೂರುವುದು ಏಳು. ಹಾಲಿನ ಡೈರಿ ತನಕ ಹೋಗುವುದು ಎಂಟು. ಒಂದೊಂದಾಗಿ ಹತ್ತಬೇಕಾದ ಮೆಟ್ಟಿಲು ಇವೇ. ಬಿದ್ದ ಜಾಗ? ‘ಗರೀನೂ ದಾಟಿ ಆಕಾಶಕ್ಕೆ’ ಎಂದಳು.

ಇದು ನಾನು ಕಂಡುಹಿಡಿದ ವಿದ್ಯೆ ಅಲ್ಲ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ ಪೀಟರ್ ಎಂಬ ಪುಟ್ಟ ಹುಡುಗನ ವಿಚಾರ ಬರೆದರು. ಅವನಿಗೆ ಮೊಲ ಕಂಡರೆ ಭಯ. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಅವನೇ ಮೊಲವನ್ನು ಮುಟ್ಟಿದ. ಈ ಕತೆ ಹೇಳಿದಾಗ ಅಜ್ಜಿಯ ಮುಖ ಅರಳಿತು. ‘ತಿಂಡಿ ನನಗೆ ಬಿಡಿ’ ಎಂದರು. ಆಮೇಲೆ ದಿನಾ ಸಂಜೆ ಅಂಗಳದಲ್ಲಿ ಸ್ಟ್ಯಾಂಡ್ ಹಾಕಿದ ಗಾಡಿಯ ಮೇಲೆ ಕೊಬ್ಬರಿ ಮಿಠಾಯಿಯ ಕಾರ್ಯಕ್ರಮ ನಡೆಯಿತು. ಅಪ್ಪ ಹ್ಯಾಂಡಲ್ ಹಿಡಿದು ನಿಲ್ಲಬೇಕು, ಮಗಳು ಕೂತು ತಿನ್ನಬೇಕು. ಮೆಟ್ಟಿಲು ಹತ್ತಿದರೂ ಮಿಠಾಯಿ, ಹತ್ತದಿದ್ದರೂ ಮಿಠಾಯಿ.

ಭಾನುವಾರ ಅಪ್ಪನ ಜೊತೆ ಗಾಡಿ ತೊಳೆದಳು. ಹಾರ್ನ್ ಹೊಡೆದಳು, ಜಾಸ್ತಿನೇ ಹೊಡೆದಳು. ಎಂಜಿನ್ ಆಫ್ ಮಾಡಿ ಅಂಗಳದಲ್ಲಿ ಹತ್ತು ಹೆಜ್ಜೆ ತಳ್ಳಿಸಿಕೊಂಡಳು. ಎದೆ ಹೊಡೆದುಕೊಂಡರೆ ಒಲೆ ಊದುವ ಕೊಳವೆಯಲ್ಲಿ ಊದುವ ಹಾಗೆ ಉದ್ದಕ್ಕೆ ಉಸಿರು ಬಿಡಲು ಕಲಿತಳು. ಅಜ್ಜಿ ಕಟ್ಟಿಗೆ ಒಲೆ ಊದುವುದನ್ನು ನೋಡಿ ಬೆಳೆದ ಮಗುವಿಗೆ ಇದು ಬೇಗ ಬಂತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಪ್ರತಿ ಮೆಟ್ಟಿಲಿಗೆ ಒಂದು ಸ್ಟಾರ್ ಸ್ಟಿಕ್ಕರ್ ಅಂಟಿಸುವ ಚಾರ್ಟು ಮಾಡಿಕೊಟ್ಟೆ. ಸ್ಟಿಕ್ಕರ್ ತುಂಬತೊಡಗಿತು. ಅಮ್ಮ ಪ್ರತಿ ರಾತ್ರಿ ಚಾರ್ಟು ನೋಡಿ ಹಿಗ್ಗುತ್ತಿದ್ದರು. ಎಂಜಿನ್ ಚಾಲೂ ಇದ್ದ ಗಾಡಿಯ ಮೇಲೆ ಕೂತಾಗ ‘ಎಷ್ಟು?’ ಎಂದರೆ ‘ಎರಡು’ ಎನ್ನುತ್ತಿದ್ದಳು. ಏಳು ಇದ್ದದ್ದು ಎರಡೇ ದಿನಕ್ಕೆ ಎರಡು! ನಾನೂ ಹಿಗ್ಗಿದೆ. ಅಪ್ಪ ಫೋನಿನಲ್ಲಿ ತೆಗೆದ ವೀಡಿಯೊ ತೋರಿಸಿದರು. ಅದರಲ್ಲಿ ಪುಟ್ಟಿ ಕಣ್ಣು ಗಟ್ಟಿಯಾಗಿ ಮುಚ್ಚಿದ್ದಾಳೆ. ಉಗುರು ಸೀಟಿಗೆ ಊರಿದೆ. ಸೈಲೆನ್ಸರ್ ಕಡೆಯ ಕಾಲನ್ನು ಮಡಚಿ ಮೇಲೆ ಎತ್ತಿಕೊಂಡಿದ್ದಾಳೆ. ತುಟಿ ಏನೋ ಎಣಿಸುತ್ತಿದೆ. ಅವಳು ಸ್ಟಿಕ್ಕರಿಗಾಗಿ, ಅಮ್ಮನ ಮುಖಕ್ಕಾಗಿ ಸಹಿಸುತ್ತಿದ್ದಳು. ಎರಡು ದಿನ ಕಳೆದ ಮೇಲೆ ಗಾಡಿಯ ಹತ್ತಿರವೇ ಸುಳಿಯಲಿಲ್ಲ. ಹತ್ತು ದಿನ.

ಚಾರ್ಟು ತೆಗೆಸಿದೆ. ಪುಟ್ಟಿಗೆ ಹೇಳಿದೆ, ‘ಅದು ನನ್ನ ತಪ್ಪು, ನಿನ್ನದಲ್ಲ. ನಂಬರ್ ದೊಡ್ಡದಿದ್ದರೆ ದೊಡ್ಡದೇ ಹೇಳು.’ ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಒಂಬತ್ತಿತ್ತು’ ಎಂದಳು. ಅವಳಿಗೆ ಎಂಜಿನ್ನಿನ ಸದ್ದು ತೊಂದರೆ ಇರಲಿಲ್ಲ. ಸೈಲೆನ್ಸರಿನ ಕಾವು ಕಾಲಿಗೆ ತಟ್ಟುವುದು ತಡೆಯಲು ಆಗುತ್ತಿರಲಿಲ್ಲ. ಅಲ್ಲಿಂದ ಕಾವಿಗೆ ಒಂದು ಬೇರೆ ಮೆಟ್ಟಿಲು ಮಾಡಿದೆವು. ಉದ್ದ ಪ್ಯಾಂಟು, ಕಾಲುಚೀಲ, ಷೂ. ಎಂಜಿನ್ ಆಫ್ ಮಾಡಿ, ಗಾಡಿ ಪೂರ್ತಿ ಆರಿದ ಮೇಲೆ ಸೈಲೆನ್ಸರ್ ಮೇಲಿನ ಜಾಲರಿ ತಗಡನ್ನು ಅಪ್ಪ ಮುಟ್ಟಿ ತೋರಿಸುವುದು, ಆಮೇಲೆ ಅವಳು ಮುಟ್ಟುವುದು. ಒಂದೇ ಮೆಟ್ಟಿಲಿನಲ್ಲಿ ಇದ್ದು, ಹೆದರಿಕೆ ಅರ್ಧಕ್ಕೆ ಇಳಿಯುವ ತನಕ ಕಾಯುವುದು. ಈ ಸಲ ಐದು ದಿನ ಹಿಡಿಯಿತು, ಹಿಡಿಯಲಿ ಎಂದು ಬಿಟ್ಟೆವು.

ಈಗ ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡ ಭಾಗ. ಗಾಡಿ ಓಡುವ ಮುಂಚೆ ಅಪ್ಪ ಮಗಳ ನಡುವೆ ಒಂದು ಕರಾರು ಮಾಡಿಸಿದೆ. ಅವಳು ಅಪ್ಪನ ಬಲ ಸೊಂಟಕ್ಕೆ ಎರಡು ಸಲ ತಟ್ಟಿದರೆ ಗಾಡಿ ನಿಲ್ಲಬೇಕು. ಯಾಕೆ ಎಂದು ಕೇಳುವಂತಿಲ್ಲ. ‘ಇನ್ನು ಸ್ವಲ್ಪ ದೂರ’ ಎನ್ನುವಂತಿಲ್ಲ. ಗಲ್ಲ ಉಬ್ಬಿಸುವಂತಿಲ್ಲ. (ಪುಟ್ಟಿಯ ತಿದ್ದುಪಡಿ ಇಲ್ಲಿ. ನಾನು ಮೊದಲು ‘ಸಿಟ್ಟು ಮಾಡುವಂತಿಲ್ಲ’ ಎಂದು ಬರೆದಿದ್ದೆ. ‘ಅಪ್ಪ ಸಿಟ್ಟು ಮಾಡಲ್ಲ, ಗಲ್ಲ ಉಬ್ಬಿಸ್ತದೆ’ ಎಂದಳು.) ಹಿಂದೆ ವಾಹನ ನೋಡಿಕೊಂಡು, ಪಕ್ಕಕ್ಕೆ ತೆಗೆದು, ಕಾಲೂರಿ ನಿಲ್ಲಿಸಬೇಕು. ಅವಳು ಇಳಿಯಬಹುದು. ಇಳಿದು ನಡೆಯಬಹುದು.

ಮೊದಲ ಓಟ ಮನೆಯಿಂದ ಅರಳಿಕಟ್ಟೆಯ ತನಕ. ಅಪ್ಪ ಮಗಳಿಗೆ ಹಿತವಾಗಲೆಂದು ಆಮೆಯ ಹಾಗೆ ಓಡಿಸಿದರು. ಅದೇ ತೊಂದರೆಯಾಯಿತು. ತೀರಾ ನಿಧಾನಕ್ಕೆ ಬೈಕು ಅತ್ತಿತ್ತ ತೂಗುತ್ತದೆ, ಸೈಕಲ್ ಕಲಿಯುವಾಗ ಎಲ್ಲರೂ ಇದನ್ನು ಕಂಡವರೇ. ಅವಳಿಗೆ ‘ಜಾರ್ತಿದೆ’ ಎನ್ನಿಸಿತು, ತಟ್ಟಿದಳು. ಜೋರಾಗಿ ಸೈಕಲ್ ತುಳಿಯುವವನ ವೇಗದಲ್ಲಿ ಒಂದೇ ಸಮ ಓಡಿಸಿ ಎಂದೆ. ಮುಂದೆ ಬರುವುದನ್ನು ಮೊದಲೇ ಹೇಳಿ ಎಂದೆ: ‘ಈಗ ಹಂಪ್ ಬರ್ತದೆ’, ‘ಈಗ ಎಡಕ್ಕೆ ತಿರುಗ್ತೀವಿ’. ತಿರುಗುವ ಕಡೆಯ ಭುಜದ ಮೇಲಿಂದ ಅವಳು ರಸ್ತೆ ನೋಡಬೇಕು. ಆಗ ಮೈ ತಾನಾಗಿ ಗಾಡಿಯ ಜೊತೆ ವಾಲುತ್ತದೆ, ಎದುರು ಬದಿಗೆ ಎಳೆಯುವುದಿಲ್ಲ.

ಅರಳಿಕಟ್ಟೆ ಮುಗಿದು ಹಾಲಿನ ಡೈರಿಗೆ ಹೊರಟ ದಿನ ರಾತ್ರಿ ಅಪ್ಪ ಫೋನ್ ಮಾಡಿದರು. ಧ್ವನಿಯಲ್ಲಿ ಗಲ್ಲ ಉಬ್ಬಿದ್ದು ಕೇಳುತ್ತಿತ್ತು. ‘ಡೈರಿಗೆ ಹೋಗೋ ಅಷ್ಟರಲ್ಲಿ ಆರು ಸಲ ನಿಲ್ಲಿಸ್ತು ಮೇಡಂ. ಏನೂ ಇಲ್ಲ, ಸುಮ್ನೆ. ನಿಲ್ಲಿಸಿದ್ರೆ ನಗ್ತದೆ. ಕ್ಯಾನ್ ಹಿಡ್ಕೊಂಡವರೆಲ್ಲ ನೋಡ್ತಾರೆ.’

‘ಆರು ಸಲವೂ ನಿಲ್ಲಿಸಿದ್ರಾ?’

‘ನಿಲ್ಲಿಸ್ದೆ.’

‘ಹಾಗಾದ್ರೆ ಪರೀಕ್ಷೆ ಪಾಸಾಗ್ತಾ ಇದ್ದೀರಿ. ನಿಲ್ಲಿಸ್ತಾ ಇರಿ.’

ಮಾರನೇ ದಿನ ಐದು ಸಲ. ಆಮೇಲೆ ಏಳು ಸಲ, ಅದೊಂದು ಕೆಟ್ಟ ದಿನ. ಒಂದು ವಾರ ಕಳೆಯುವ ಹೊತ್ತಿಗೆ ಒಂದೋ ಎರಡೋ. ಒಂದು ಸಲ ನಿಲ್ಲದೇ ಇದ್ದಿದ್ದರೂ ನಾವು ಮತ್ತೆ ಅಂಗಳಕ್ಕೆ ವಾಪಸ್ ಬರಬೇಕಿತ್ತು. ಡೈರಿಯ ಮುಂದೆ ಹತ್ತು ಜನರ ಎದುರು, ಮಗಳು ತಟ್ಟಿದಳೆಂದು ಗಾಡಿ ನಿಲ್ಲಿಸುವುದು ಆ ಮನುಷ್ಯನಿಗೆ ಎಷ್ಟು ಕಷ್ಟವಾಗಿತ್ತು ಎಂಬುದು ನನಗೆ ಗೊತ್ತು. ಧೈರ್ಯದ ಸ್ಟಿಕ್ಕರ್ ಕೊಡುವುದೇ ಆಗಿದ್ದರೆ ಅವರಿಗೆ ಕೊಡುತ್ತಿದ್ದೆ.

ಅಮ್ಮನಿಗೂ ಅಜ್ಜಿಗೂ ಒಂದೊಂದು ಕೆಲಸ ಕೊಟ್ಟಿದ್ದೆ. ರಜಾ ದಿನ ಅಮ್ಮ ಬಾಗಿಲಲ್ಲಿ ನಿಂತು ‘ಹುಷಾರು, ಹುಷಾರು ಕಣೇ, ಗಟ್ಟಿಯಾಗಿ ಹಿಡ್ಕೋ, ಹುಷಾರು’ ಎನ್ನುತ್ತಿದ್ದರು. ಎಷ್ಟು ಹುಷಾರು ಕೇಳಿಸಿತೋ ಅಷ್ಟು ಅಪಾಯ ಇದೆ ಎಂದು ಮಗು ಲೆಕ್ಕ ಹಾಕುತ್ತದೆ. ಅದರ ಬದಲು ಒಂದೇ ಪ್ರಶ್ನೆ: ‘ಪಟ್ಟಿ ಕಟ್ಟಿದೀಯಾ?’ ಕಟ್ಟಿದ್ದರೆ ಟಾಟಾ ಮಾಡಿ ಒಳಗೆ ಹೋಗುವುದು. ಅಜ್ಜಿ ಮನೆಗೆ ಬಂದವರಿಗೆಲ್ಲ ‘ಕೂಸು ಸತ್ತು ಬದುಕ್ತು’ ಎಂದು ಕತೆ ಹೇಳುತ್ತಿದ್ದರು, ಕೂಸಿನ ಎದುರೇ. ಕತೆ ನಿಲ್ಲಿಸಿ ಎಂದರೆ ಅಜ್ಜಿಯಂದಿರು ನಿಲ್ಲಿಸುತ್ತಾರಾ? ‘ಹೇಳಿ, ಆದರೆ ಕೊನೆ ಸೇರಿಸಿ’ ಎಂದೆ. ಮುಂದಿನ ಸಲ ಕೇಳಿಸಿಕೊಂಡೆ. ಬಸ್ಸಿನಲ್ಲಿ ಪಕ್ಕ ಕೂತಿದ್ದವರನ್ನು ನನ್ನ ಬಾಗಿಲ ತನಕ ಕರೆದುಕೊಂಡು ಬಂದು ಹೇಳುತ್ತಿದ್ದರು: ‘ಸತ್ತು ಬದುಕ್ತು ಕಣವ್ವಾ. ಈಗ ಡೈರಿ ತಾವ್ಕೆ ಹೋಗಿ ಬರ್ತದೆ.’

ಬಿದ್ದ ಜಾಗಕ್ಕೆ ಏಪ್ರಿಲ್‌ನಲ್ಲಿ ಹೋದರು. ಹುರುಳಿ ಇರಲಿಲ್ಲ, ಬರೀ ಟಾರು. ಮೊದಲ ಸಲ ದೂರ ನಿಂತು ನೋಡಿ ಬಂದರು. ಎರಡನೇ ಸಲ ಇಳಿದು ನಡೆದು ದಾಟಿದರು. ಪುಟ್ಟಿ ಅಲ್ಲಿ ತನ್ನ ಕಳೆದುಹೋದ ಚಪ್ಪಲಿ ಹುಡುಕಿದಳಂತೆ, ಸಿಗಲಿಲ್ಲ. ನಾಲ್ಕನೇ ಸಲ ಕೂತೇ ದಾಟಿದಳು. ‘ಎಷ್ಟು?’ ಎಂದು ಅಪ್ಪ ಕೇಳಿದ್ದಕ್ಕೆ ‘ಆರು, ಆದ್ರೆ ಹೋಗು’ ಎಂದಳಂತೆ. ನಾನು ಸೊನ್ನೆಗಾಗಿ ಕಾಯುವುದಿಲ್ಲ. ಆರನ್ನು ಆರು ಎಂದು ಹೇಳಿ, ತಾನೇ ‘ಹೋಗು’ ಎಂದರೆ ನನ್ನ ಕೆಲಸ ಹೆಚ್ಚುಕಡಿಮೆ ಮುಗಿದ ಹಾಗೆ.

ಜೂನ್‌ನಲ್ಲಿ ಸ್ಕೂಲು ಶುರುವಾದಾಗ ಬೈಕಿನಲ್ಲೇ ಹೋದಳು. ಮಳೆ ಬಂದರೆ ಈಗಲೂ ಬಸ್ಸು. ಅಪ್ಪ ಅದಕ್ಕೆ ಒತ್ತಾಯ ಮಾಡಿಲ್ಲ, ನಾನೂ ಮಾಡಲಿಲ್ಲ.

ಡಿಸೆಂಬರ್ ಕೊನೆಗೆ ಅಪ್ಪನ ಫೋನು ಬಂತು. ಅದೇ ರಸ್ತೆಗೆ ಮತ್ತೆ ಹುರುಳಿ ಹಾಕಿದ್ದರು. ದೂರದಿಂದಲೇ ಸೊಂಟಕ್ಕೆ ಎರಡು ಸಲ ತಟ್ಟು ಬಿತ್ತಂತೆ. ಅಷ್ಟರಲ್ಲಿ ಇವರೇ ಬ್ರೇಕ್ ಹಿಡಿದಿದ್ದರಂತೆ. ಮಗಳು ಇಳಿದು ಅಂಚಿನಲ್ಲಿ ನಡೆದಳು, ಅಪ್ಪ ಗಾಡಿ ತಳ್ಳಿಕೊಂಡು ಬಂದರು, ಆ ಕಡೆ ಮತ್ತೆ ಹತ್ತಿದರು. ಸ್ಕೂಲಿಗೆ ಐದು ನಿಮಿಷ ತಡವಾಯಿತು.

ಅವರು ಫೋನ್ ಮಾಡಿದ್ದು ಇದನ್ನು ಹೇಳಲಿಕ್ಕಲ್ಲ. ‘ಎಲ್ಲ ಸರಿ ಹೋಯ್ತು ಮೇಡಂ, ಒಂದು ಬಾಕಿ ಐತೆ. ನನ್ನ ತಮ್ಮನ ಗಾಡಿ ಹತ್ತಲ್ಲ. ಚಿಕ್ಕಪ್ಪ ಕರೆದ್ರೆ ಓಡೋಗ್ತದೆ. ಅವನಿಗೆ ಬೇಜಾರು. ಅದನ್ನೂ ಒಂದು ಸರಿ ಮಾಡಿಕೊಡಿ.’

ಚಿಕ್ಕಪ್ಪ ತಟ್ಟಿದರೆ ನಿಲ್ಲಿಸುತ್ತಾರಾ ಎಂದು ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಇಲ್ಲ ಮೇಡಂ. ಅವನು ಏನೂ ಆಗಲ್ಲ ಅಂತಾನೆ.’

ಹಾಗಿದ್ದರೆ ಅದರಲ್ಲಿ ಸರಿ ಮಾಡುವುದು ಏನೂ ಇಲ್ಲ, ತಮ್ಮನನ್ನು ಬೇಕಾದರೆ ಕಳಿಸಿ ಎಂದೆ.